ಮಾವನ ಸ್ಪಾನರ್

ಟಪ್. ಟಪ್, ಟಪ್. ನಡುರಾತ್ರಿ ಹಜಾರದ ಸದ್ದಿಗೆ ಸೊಸೆ ಎದ್ದು ಕೂತಳು. ನಲ್ಲಿ ಸೋರುತ್ತಿದೆಯೇ? ಇಲ್ಲ, ಸೋರುವ ನಲ್ಲಿ ನಡುನಡುವೆ ನಿಂತು ಯೋಚಿಸುವುದಿಲ್ಲ.

ಮಾವ ನಲವತ್ತು ವರ್ಷ ಊರಿನ ಪಿಯಾನೊಗಳಿಗೆ ಶ್ರುತಿ ಕೂರಿಸಿದವರು. ಈ ಮೂರನೇ ಮಹಡಿಗೆ ಬರುವಾಗ ಅವರ ಸ್ವಂತ ಪಿಯಾನೊ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ವಾಪಸು ಹೋಯಿತು. ಅಂದಿನಿಂದ ಅವರ ಮಾತು ಹೂಂ, ಉಹೂಂಗೆ ಇಳಿದಿತ್ತು. ಸೊಸೆಗೆ ಅದೇ ದಿಗಿಲು. ತಿಂಗಳುಗಟ್ಟಲೆ ಓದಿ, ಪಟ್ಟಿ ಮಾಡಿ, ಆರು ದಿನದ ಹಿಂದೆ ಅವರನ್ನು ಎಲೆಕ್ಟ್ರಾನಿಕ್ ಕೀಬೋರ್ಡಿನ ಅಂಗಡಿಗೆ ಕರೆದೊಯ್ದಿದ್ದಳು.

"ಇದು ವರ್ಕ್‌ಸ್ಟೇಷನ್ ಅಜ್ಜ, ಇಡೀ ವಾದ್ಯವೃಂದ ಒಳಗಿದೆ," ಎಂದ ಅಂಗಡಿಯವನು.

"ಅವರನ್ನೆಲ್ಲ ಸ್ವಲ್ಪ ಹೊರಗೆ ಕೂರ್ಸಪ್ಪ. ಪಿಯಾನೊ ಒಂದೇ ಸಾಕು."

ಮಾವ ಒಂದೇ ಒಂದು ಕೀ ಒತ್ತಿ ಕಣ್ಣು ಮುಚ್ಚಿದರು. ಸ್ವರ ಪೂರ್ತಿ ಅಡಗುವವರೆಗೂ ಬೆರಳೆತ್ತಲಿಲ್ಲ. ನಾಲ್ಕು ಕೀಬೋರ್ಡಿಗೂ ಅದೇ ಪರೀಕ್ಷೆ. ಮೂರನೆಯದರ ಹತ್ತಿರ, "ಇದರ ಸ್ವರಕ್ಕೆ ಸಾಯೋದು ಗೊತ್ತು. ಉಳಿದವು ನಡುವೆ ಎದ್ದು ಹೋಗ್ತವೆ," ಎಂದರು. ಅವಳ ಪಟ್ಟಿಯಲ್ಲಿ ಆ ಗುಣವೇ ಇರಲಿಲ್ಲ. ಅವಳು ಪಟ್ಟಿಯನ್ನು ಮಡಚಿಟ್ಟಳು.

ಆ ಮೂರನೆಯದನ್ನೇ ಕೊಂಡು ಮನೆಗೆ ತಂದ ಮೇಲೆ ಮಾತ್ರ ಮಾವ ಅದನ್ನು ಮುಟ್ಟಲಿಲ್ಲ. "ಶ್ರುತಿ ಕೆಡೋದೇ ಇಲ್ಲವಂತೆ. ಮತ್ತೆ ನನಗೇನು ಕೆಲಸ ಅಲ್ಲಿ?" ವಾಪಸು ಕೊಡಲು ನಾಳೆಯೇ ಕೊನೆಯ ದಿನ.

ಈಗ ಹಜಾರದಲ್ಲಿ ಮಾವ ಕಿವಿಗೆ ಹೆಡ್‌ಫೋನ್ ಹಾಕಿ ಕೂತಿದ್ದಾರೆ. ಎಡಗೈ ಕೀ ಒತ್ತುತ್ತಿದೆ. ಬಲಗೈ ಪಿಯಾನೊ ಶ್ರುತಿ ಮಾಡುವ ಹಳೆಯ ಸ್ಪಾನರ್ ಹಿಡಿದು ಕೀಬೋರ್ಡಿನ ಹಿಂದೆ, ಅಲ್ಲಿಲ್ಲದ ತಂತಿ ಬಿಗಿಯುವ ಮೊಳೆಗಾಗಿ ತಡಕಾಡುತ್ತಿದೆ. ಕೈ ಥಟ್ಟನೆ ನಿಂತಿತು. ಮಾವ ಸ್ಪಾನರನ್ನು ಕಣ್ಣಹತ್ತಿರ ತಂದು ನೋಡಿದರು. ಭುಜ ಕುಲುಕಿತು. ನಗುವೋ ಅಳುವೋ ತಿಳಿಯದೆ ಸೊಸೆ ಬಾಗಿಲಲ್ಲೇ ನಿಂತಳು.

ಆಮೇಲೆ ಅವರು ಕನ್ನಡಕ ಏರಿಸಿ ಕೈಪಿಡಿ ಬಿಡಿಸಿದರು. ಒಂದೊಂದೇ ಸ್ವರವನ್ನು ಕೂದಲೆಳೆಯಷ್ಟು ಏರಿಳಿಸುವ ಜಾಗವೊಂದು ಪುಟ್ಟ ಪರದೆಯಲ್ಲಿ ಸಿಕ್ಕಿತು. ಕೆಳಗಿನ ಸ್ವರಗಳು ತುಸು ಕೆಳಕ್ಕೆ, ಮೇಲಿನವು ತುಸು ಮೇಲಕ್ಕೆ. ಕಿವಿಗೆ ಬೇಕಾದ್ದು ಹಾಗೆ ಎಂದು ಅವರೇ ಹಿಂದೊಮ್ಮೆ ಹೇಳಿದ್ದರು. ಟಪ್. ಟಪ್, ಟಪ್.

ಬೆಳಿಗ್ಗೆ ಗಂಡ ಕೀಬೋರ್ಡನ್ನು ವಾಪಸು ಕಳಿಸಲು ರಟ್ಟಿನ ಪೆಟ್ಟಿಗೆ ತಂದ.

"ಅದನ್ನ ಯಾಕೋ ತಗೊಂಡ್ಬಂದೆ? ಶ್ರುತಿ ನೆಟ್ಟಗೆ ಕೂರಿಸದೆ ಕಳಿಸಿದ್ದಾರೆ. ಇನ್ನೂ ಎರಡು ವಾರದ ಕೆಲಸ ಇದೆ," ಎಂದರು ಮಾವ.

"ಕರೆಂಟಿನ ಪೆಟ್ಟಿಗೆಗೆ ಎಂಥ ಶ್ರುತಿ?" ಗಂಡ ಹೆಂಡತಿಯ ಮುಖ ನೋಡಿದ. "ರಾತ್ರಿ ಏನಾಯ್ತೇ?"

ಕೀಬೋರ್ಡಿನ ಹಿಂದೆ ಉಳಿದಿದ್ದ ಸ್ಪಾನರನ್ನು ಅವಳು ಧೂಳು ಒರೆಸುವ ಬಟ್ಟೆಯಲ್ಲಿ ಸುತ್ತಿ, ಮಾವನ ಡ್ರಾಯರಿಗೆ ಸೇರಿಸಿದಳು. ಮಾವ ಸ್ಪಾನರ್ ಹಿಡಿದು ತಡಕಾಡಿದ್ದು ಯಾರ ಕಿವಿಗೂ ಬೀಳಬಾರದು, ಗಂಡನ ಕಿವಿಗೂ.

"ಏನಿಲ್ಲ. ನಲ್ಲಿ ಸೋರ್ತಿತ್ತು," ಎಂದಳು.