ಕೋಗಿಲಿನ ಕರೆಂಟ್ ಆವಿಗೆ

ಸುತ್ತ ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ಮುನಿಕೆಂಪಮ್ಮನ ಮಡಕೆ ಸುಡುವ ಆವಿಗೆಯ ಹೊಗೆಗೆ ಕೋಗಿಲು ಊರಿನ ಜನ ಕೆಮ್ಮತೊಡಗಿದರು. ಆಕೆ ಜಗಳವಾಡಲಿಲ್ಲ. ಅಟ್ಟೂರಿನಲ್ಲಿ ಯಾರೋ ಮಾರಿದ ಹಳೆಯ ಕರೆಂಟ್ ಆವಿಗೆಯನ್ನು ತಂದು ಹಿತ್ತಿಲ ಶೆಡ್ಡಿನಲ್ಲಿ ಇಟ್ಟುಕೊಂಡಳು. ಸ್ಟೀಲಿನ ಪೆಟ್ಟಿಗೆ, ಒಳಗೆ ಬಿಳಿ ಇಟ್ಟಿಗೆ, ಇಟ್ಟಿಗೆಯಲ್ಲಿ ಕೊರೆದ ಸಂದಿನಲ್ಲಿ ಸುರುಳಿ ಕಾಯಿಲ್. ಅದಕ್ಕೂ ಅರಿಶಿನ ಕುಂಕುಮ ಹಚ್ಚಿದಳು. ಬೆಂಕಿ ಯಾವ ರೂಪದಲ್ಲಿ ಬಂದರೂ ತಾಯಿಯೇ ತಾನೆ?

ಕಾರ್ತಿಕದ ಕಡೆಯ ಸೋಮವಾರ ಊರ ಈಶ್ವರನ ಗುಡಿಗೆ ಹಣತೆ ಕೊಡುವುದು ಅವರ ಮನೆತನದ ಸೇವೆ. ಒಂದು ವರ್ಷವೂ ತಪ್ಪಿದ್ದಿಲ್ಲ. ಈ ಸಲ ಹಸಿ ಹಣತೆಗಳು ಒಣಗಿ ಹಲಗೆಯ ಮೇಲೆ ಸಾಲಾಗಿ ಕೂತಿದ್ದವು. ಶುಕ್ರವಾರ ನೋಡಿದರೆ ಆವಿಗೆ ಬಿಸಿಯೇ ಆಗಲಿಲ್ಲ.

ಆರ್.ಟಿ. ನಗರದಿಂದ ಮೆಕ್ಯಾನಿಕ್ ಗಯಾಸ್ ಬಂದ. ಮೇನ್ ಆಫ್ ಮಾಡಿಸಿ, ಟಾರ್ಚ್ ಹಿಡಿದು ಒಳಗೆ ಬಗ್ಗಿದ.

"ಕಾಯಿಲ್ ಕಟ್ಟಾಗಿದೆ ಅಮ್ಮಾ. ನೋಡಿ, ಹುಳ ತಿಂದಂಗಿದೆ. ಒಳಗೆ ಏನ್ ಹಾಕ್ತೀರಾ?"

"ಏನಿಲ್ಲಪ್ಪ. ಅಣತೆ, ಕುಡಿಕೆ... ಆಮೇಲೆ ಒಂದಿಡಿ ಉಪ್ಪು."

"ಉಪ್ಪಾ?"

"ದೃಷ್ಟಿಗೆ ಕಣಪ್ಪ! ಬಂದೋರೆಲ್ಲ 'ಎಂಥಾ ಮಿಷಿನ್ನಮ್ಮ ನಿಂದು' ಅಂತಾರೆ. ನೀವಾಳ್ಸಿ ಒಳಕ್ಕಾಕ್ತೀನಿ. ನಮ್ಮತ್ತೇನೂ ಬೆಂಕಿಗೇ ಆಕೋರು."

ಗಯಾಸ್ ನಗುತ್ತ ನೆಲದ ಮೇಲೇ ಕೂತುಬಿಟ್ಟ. "ಸೌದೆ ಬೆಂಕೀಲಿ ಚಟಪಟ ಅಂದು ಹೋಗ್ತಿತ್ತು. ಇದ್ರಲ್ಲಿ ಉಪ್ಪಿನ ಹೊಗೆ ಕಾಯಿಲ್ ಮೇಲೆ ಕೂತು ಕಚ್ತದೆ. ಯಾರ್ ಕಣ್ಣು ಬಿದ್ದಿದ್ರೂ ಇಷ್ಟು ಹಾಳಾಗ್ತಿರ್ಲಿಲ್ಲ!"

ಮುನಿಕೆಂಪಮ್ಮ ನಗಲಿಲ್ಲ. "ಅಂಗಾದ್ರೆ ಸಿವನ ಸೇವೆ ನಾನೇ ಕೆಡಿಸ್ದಂಗಾಯ್ತಲ್ಲ. ಅಂಗಡಿ ಅಣತೆ ತಗೊಂಡೋಗಿ ಎಂಗಪ್ಪಾ ಇಡ್ಲಿ?"

"ಅಂಗಡೀದ್ಯಾಕೆ? ಇವತ್ತಿನ್ನೂ ಶುಕ್ರವಾರ. ಒಂದು ಪೊರಕೆ ಕೊಡಿ."

ಹಳೆಯ ಕಾಯಿಲ್ ಕಿತ್ತು, ಸಂದಿಗೆ ಅಂಟಿದ್ದ ಉಪ್ಪನ್ನು ಇಬ್ಬರೂ ಕೆರೆದು ಗುಡಿಸಿದರು. ಸಂಜೆಯೊಳಗೆ ಹೊಸ ಕಾಯಿಲ್ ತಂದ. ಅದನ್ನು ಒಂದೇ ಹದದಲ್ಲಿ ಹಿಗ್ಗಿಸಬೇಕು. ಒಂದು ತುದಿ ಆಕೆಯ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ.

"ಎಳೀಬೇಡಿ ಅಮ್ಮಾ, ಸುಮ್ನೆ ಹಿಡ್ಕೊಳ್ಳಿ!"

"ನಾನೆಲ್ಲಪ್ಪಾ ಎಳೀತಿದ್ದೀನಿ? ನೀನೇ ಓಗ್ತಿದ್ದೀಯ, ಎತ್ತು ಅಗ್ಗ ಕಿತ್ಕೊಂಡೋದಂಗೆ!"

ಶನಿವಾರ ಬರೀ ಆವಿಗೆಯನ್ನೇ ಕಾಯಿಸಿದರು. ಹೊಸ ಕಾಯಿಲ್ ಪಳಗಲು ಅದು ಬೇಕು ಅಂದ ಗಯಾಸ್. ಸಣ್ಣ ಕಿಂಡಿಯಲ್ಲಿ ಒಳಗೆಲ್ಲ ದಾಸವಾಳದ ಕೆಂಪು ಕಂಡಾಗ ಮುನಿಕೆಂಪಮ್ಮ ಕೈಮುಗಿದಳು. ಅವಳ ಕೈ ಅಡುಗೆಮನೆಯ ಉಪ್ಪಿನ ಕಡೆಗೆ ಹೋಗದಂತೆ ಗಯಾಸ್ ನೋಡಿಕೊಂಡ. ಭಾನುವಾರ ಆವಿಗೆಗೆ ಹಣತೆ ತುಂಬಿಸಿ ಸುಟ್ಟರು.

ಸೋಮವಾರ ಬೆಳಿಗ್ಗೆ ಆವಿಗೆಯ ಬಾಗಿಲು ತೆರೆಯುವ ಹೊತ್ತಿಗೆ ಗಯಾಸ್ ಕರೆಯದೆಯೇ ಬಂದಿದ್ದ. ಆಕೆ ಒಂದು ಹಣತೆ ಎತ್ತಿ ಬೆರಳಲ್ಲಿ ತಟ್ಟಿದಳು. ಠಣ್ ಎಂದಿತು. ಬೆಂದ ಮಣ್ಣಿನ ದನಿ. ಅವನಿಗೂ ಒಂದು ಕೊಟ್ಟಳು. ಅವನು ತಟ್ಟಿದ. ಮತ್ತೊಂದನ್ನು ತಟ್ಟಿದ. ಮುಖ ಅರಳಿಸಿಕೊಂಡು ಇನ್ನೊಂದಕ್ಕೆ ಕೈಹಾಕಿದ.

"ಸಾಕು ಬಿಡಪ್ಪ," ಎಂದು ಆಕೆ ಹಣತೆಯ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು, "ಎಲ್ಲಾ ನೀನೇ ಬಾರಿಸ್ಬಿಟ್ರೆ ದೇವ್ರಿಗೇನ್ ಉಳಿದಾತು?"