ಮೊಳೆ ಹೊಡೆಯದ ಹಲಗೆ

ಯುದ್ಧ ಮುಗಿಯಿತು ಎಂದು ರಾಜಧಾನಿ ಫ್ರೀಟೌನ್‌ನ ರೇಡಿಯೋ ಹೇಳಿ ಎರಡು ಮಳೆಗಾಲ ಕಳೆದಿತ್ತು. ತಾವೊಹುನ್ ಹಳ್ಳಿಯ ಸೇತುವೆ ಮಾತ್ರ ಇನ್ನೂ ಮನೆಮನೆಗೆ ಹಂಚಿಹೋಗಿತ್ತು. ಹೊಳೆಯ ಮೇಲೆ ಉಳಿದದ್ದು ಎರಡು ಕಬ್ಬಿಣದ ತೊಲೆ ಅಷ್ಟೇ. ಬಂಡುಕೋರರು ಬರುತ್ತಾರೆಂದು ಊರವರೇ ಹಲಗೆಗಳನ್ನು ಕಿತ್ತಿದ್ದರು. ಆಮೇಲೆ ಒಬ್ಬರ ಮನೆಯಲ್ಲಿ ಅದು ಮಂಚವಾಯಿತು, ಇನ್ನೊಬ್ಬರಲ್ಲಿ ಬಾಗಿಲಾಯಿತು, ಮಸೀದಿಯಲ್ಲಿ ಕಾಲು ತೊಳೆಯುವ ಜಾಗದ ಮೆಟ್ಟಿಲಾಯಿತು. ಹೊರಗಿನವರು ಕೇಳಿದರೆ "ಬಂಡುಕೋರರು ಸುಟ್ರು" ಅನ್ನುವುದು ರೂಢಿ.

ಅದನ್ನು ವಾಪಸ್ ಕೂಡಿಸಲು ತಾಳೆಎಣ್ಣೆ ಮಾರುವ ಯೆಮಾ ಹೊರಟಳು. ರಸ್ತೆ ಇಲಾಖೆಯವನೊಬ್ಬ ಬಂದು ಹೇಳಿಹೋಗಿದ್ದ: ಗುರುವಾರ ಲಾರಿ ತರುತ್ತೇನೆ, ಅದು ಹೊಳೆ ದಾಟಿದರೆ ಹೊಸ ರಸ್ತೆ ಈ ಊರಿನ ಮೇಲೆ, ಇಲ್ಲದಿದ್ದರೆ ಗುಡ್ಡದ ಆಚೆಯಿಂದ. ಆಚೆಯಿಂದ ಹೋದರೆ ಯೆಮಾ ಸಾಯುವವರೆಗೂ ತಾಳೆಎಣ್ಣೆಯ ಡಬ್ಬ ತಲೆಯ ಮೇಲಿಟ್ಟುಕೊಂಡು ಕುತ್ತಿಗೆಮಟ್ಟದ ನೀರಲ್ಲಿ ಹೊಳೆ ದಾಟಬೇಕು. ಹೋದ ಮಳೆಗಾಲ ಹಾಗೆ ದಾಟುವಾಗಲೇ ಅವಳ ನಾದಿನಿ ಕೊಚ್ಚಿಹೋಗಿದ್ದಳು.

ಮೊದಲು ತನ್ನ ಅಡುಗೆಮನೆಯ ಹಲಗೆಯನ್ನೇ ಹೊತ್ತು ತಂದು ದಂಡೆಯಲ್ಲಿ ಹಾಕಿದಳು. ಆಮೇಲೆ ಪಕ್ಕದ ಮನೆಯ ಮೊಯಿನಾಳ ಬಾಗಿಲಿಗೆ ಹೋದಳು.

"ಮಂಚ ಕೊಟ್ರೆ ನನ್ನ ಗಂಡ ನೆಲದ ಮೇಲೆ ಮಲಗ್ಬೇಕಾ?"

"ಕಳ್ಳು ಕುಡಿದು ದಿನಾ ನೆಲದ ಮೇಲೇ ಬಿದ್ದಿರ್ತಾನಲ್ಲೇ! ಅವನಿಗ್ಯಾಕೆ ಮಂಚ?"

ಮೊಯಿನಾ ಬೈಯುತ್ತಲೇ ನಕ್ಕಳು, ನಗುತ್ತಲೇ ಹಲಗೆಯ ಇನ್ನೊಂದು ತುದಿ ಹಿಡಿದಳು. ಹೀಗೇ ಒಂದೊಂದಾಗಿ ಬಂದವು. ಬುಧವಾರದ ಹೊತ್ತಿಗೆ ಗಂಡಸರು ಮೊಳೆ ಹೊಡೆದು ಮುಗಿಸಿದರು. ಸೇತುವೆಯ ನಡುವೆ ಒಂದೇ ಒಂದು ಕಿಂಡಿ ಉಳಿಯಿತು. ಲಾರಿಯ ಚಕ್ರ ಸಿಕ್ಕಿಕೊಳ್ಳುವಷ್ಟು ಅಗಲ.

ಆ ಹಲಗೆ, ಊರೆಲ್ಲ ಗೌರವದಿಂದ ‘ಪಾ’ ಎನ್ನುವ ಮುದುಕ ಲಹಾಯನ ಮನೆಯ ಬಾಗಿಲಾಗಿತ್ತು. ಅಂದು ಕೊನೆಯ ಹಲಗೆ ಕಿತ್ತವನೂ ಅವನೇ. ಆಗ ಯೆಮಾಳ ಗಂಡ ವಾಂಡಿ ಆಚೆ ದಡದಲ್ಲಿದ್ದ. ತಡೀರಿ ತಡೀರಿ ಎಂದು ಕೂಗುತ್ತಾ ಓಡಿ ಬರುತ್ತಿದ್ದ. ಅವನ ಬೆನ್ನಿಗೇ ಬಂಡುಕೋರರ ಲಾರಿ ಇತ್ತು. ಊರು ಉಳಿಯಿತು, ವಾಂಡಿ ಉಳಿಯಲಿಲ್ಲ. ಊರಲ್ಲಿ ಯಾರೂ ಈ ಮಾತು ಎತ್ತುವುದಿಲ್ಲ.

ಯೆಮಾ ಎಲೆಯಲ್ಲಿ ಸುತ್ತಿದ ಕೋಲಾ ಬೀಜವನ್ನು ಮುದುಕನ ಮುಂದಿಟ್ಟಳು. ಅವನು ಮುಟ್ಟಲಿಲ್ಲ. ಮುರಿದು ತಿಂದರೆ ಒಪ್ಪಿದ ಹಾಗೆ.

"ಹಲಗೆ ಕೊಡಲ್ಲ ಮಗಳೇ. ದಾರಿ ಇದ್ದಿದ್ದಕ್ಕೆ ತಾನೇ ಅವ್ರು ಬಂದಿದ್ದು?"

"ಯುದ್ಧ ಮುಗೀತಲ್ಲ ಪಾ."

"ಯಾರು ಹೇಳಿದ್ದು, ರೇಡಿಯೋನಾ? ಯುದ್ಧ ಶುರುವಾದ ದಿನಾನೂ ಅದು ಹಾಡು ಹಾಕ್ತಿತ್ತು."

ಯೆಮಾ ಕೋಲಾವನ್ನು ಅವನತ್ತ ಇನ್ನಷ್ಟು ಸರಿಸಿದಳು.

"ವಾಂಡಿ ಲೆಕ್ಕ ತೀರಿಸೋಕೆ ಬಂದಿದೀನಿ ಅಂದ್ಕೊಂಡ್ರಾ?"

ಮುದುಕ ನೆಲ ನೋಡಿದ.

"ಅದಕ್ಕೆ ಬಂದಿದ್ರೆ ಕೋಲಾ ತರ್ತಿರ್ಲಿಲ್ಲ. ಕೇಳಿ. ನಿಮ್ಮ ಹಲಗೆಗೆ ಮೊಳೆ ಬೇಡ. ಬೆಳಿಗ್ಗೆ ತಂದು ಇಡಿ, ಸಂಜೆ ಎತ್ಕೊಂಡು ಹೋಗಿ. ನಾಳೆ ಅಂಥವ್ರು ಮತ್ತೆ ಬಂದ್ರೆ ಕೀಳೋರು ನೀವೇ."

"ಆಗ ಆಚೆ ದಡದಲ್ಲಿ ಯಾರಿದ್ರೂ?"

"ಯಾರಿದ್ರೂ."

ಲಹಾಯ್ ಕೋಲಾ ಎತ್ತಿಕೊಂಡು ಮುರಿದ. ಅರ್ಧ ಅವಳಿಗೆ ಕೊಟ್ಟ. ಕಹಿ. ಇಬ್ಬರೂ ಅಗಿದರು.

ಗುರುವಾರ ಲಾರಿ ಬೇಗನೆ ಬಂತು. ಮುದುಕ ಇನ್ನೂ ಬಂದಿರಲಿಲ್ಲ. ಇಲಾಖೆಯವನು ಆಚೆ ದಡದಲ್ಲಿ ಇಳಿದು ಕಿಂಡಿ ನೋಡಿದ.

"ಏನಮ್ಮಾ ಇದು? ಸೇತುವೇನೋ ಬಾಯಿ ತೆರೆದ ಮೊಸಳೇನೋ? ಡ್ರೈವರ್, ತಿರುಗಿಸು!"

ಯೆಮಾ ಸೇತುವೆಯ ಮೇಲೆ ಓಡಿ, ಕಿಂಡಿ ಹಾರಿ, ಆಚೆ ದಡದಲ್ಲಿ ಲಾರಿಯ ಹಿಂದೆ ಹೋಗಿ ನಿಂತಳು. "ತಿರುಗಿಸು ನೋಡೋಣ. ನನ್ನ ಮೇಲೆ ಹತ್ತಿಸ್ಕೊಂಡು ಹೋಗು."

ಡ್ರೈವರ್ ಹಾರ್ನ್ ಒತ್ತಿದ, ಬೈದ. ಅವಳು ಕದಲಲಿಲ್ಲ. ನಿಂತ ಜಾಗ ಯಾವುದೆಂದು ಅವಳಿಗೆ ಗೊತ್ತಿತ್ತು. ವಾಂಡಿ ಬಿದ್ದದ್ದು ಅಲ್ಲೇ.

ಕೊನೆಗೆ ಈಚೆ ದಡದಲ್ಲಿ ಪಾ ಲಹಾಯ್ ಕಾಣಿಸಿದ. ಬಾಗಿಲನ್ನು ತಲೆಯ ಮೇಲೆ ಹೊತ್ತು ನಿಧಾನಕ್ಕೆ ಬಂದ. ಚಿಲಕ ಇನ್ನೂ ಅದಕ್ಕೇ ಅಂಟಿಕೊಂಡಿತ್ತು. ಮಂಡಿಯೂರಿ ಕಿಂಡಿಗೆ ಇಟ್ಟ. ಸರಿಯಾಗಿ ಕೂತಿತು.

"ಮೊಳೆ ಎಲ್ಲಿ?" ಎಂದ ಇಲಾಖೆಯವನು.

"ಇದಕ್ಕೆ ಮೊಳೆ ಹೊಡೆಯಲ್ಲ. ದಾಟುತ್ತೋ ಇಲ್ವೋ, ನೀನು ನೋಡ್ಬೇಕಾದ್ದು ಅಷ್ಟೇ," ಎಂದಳು ಯೆಮಾ.

ಇಲಾಖೆಯವನು ಒಳಗೆ ಕೂತ, ಲಾರಿ ಸೇತುವೆ ಹತ್ತಿತು. ಹಲಗೆಗಳು ಕಿರುಗುಟ್ಟಿದವು, ಮೊಯಿನಾಳ ಮಂಚ ಎಲ್ಲಕ್ಕಿಂತ ಜೋರಾಗಿ. ಲಾರಿ ಈಚೆ ದಡ ಮುಟ್ಟಿದಾಗ ಇಲಾಖೆಯವನು ಕಿಟಕಿಯಿಂದ ತಲೆ ಹೊರಹಾಕಿ, "ಸರಿ, ರಸ್ತೆ ಇಲ್ಲೇ," ಎಂದ. ರಸ್ತೆಗೆ ಗುರುತಿನ ಗೂಟ ನೆಡುವವರನ್ನು ಹೊತ್ತು ಲಾರಿ ಊರೊಳಗೆ ಹೋಯಿತು.

ದಂಡೆಗೆ ಸರಿದು ನಿಂತಿದ್ದ ಮುದುಕ ತಕ್ಷಣ ಬಂದು ಬಗ್ಗಿ ಹಲಗೆಯ ತುದಿಗೆ ಕೈ ಹಾಕಿದ. ಲಾರಿಯ ಹಿಂದೆಯೇ ನಡೆದು ಬಂದಿದ್ದ ಯೆಮಾ ಅದರ ಮೇಲೆ ಕಾಲಿಟ್ಟಳು.

"ಸಂಜೆ ಅಂದಿದ್ದು ಪಾ. ಲಾರಿ ವಾಪಸ್ ಹೋಗ್ಬೇಕು."

"ಅಲ್ಲೀವರೆಗೂ ಮನೆಗೆ ಬಾಗಿಲಿಲ್ಲ. ಮೇಕೆ ನುಗ್ಗುತ್ತೆ."

"ನುಗ್ಲಿ. ನಾನೂ ಇಲ್ಲೇ ಇರ್ತೀನಿ."

ಲಹಾಯ್ ಗೊಣಗುತ್ತಾ ಹಲಗೆಯ ಪಕ್ಕ ಕೂತ. ಯೆಮಾ ಇನ್ನೊಂದು ಪಕ್ಕದಲ್ಲಿ ಆಚೆ ದಡಕ್ಕೆ ಮುಖ ಮಾಡಿ ಕೂತಳು. ಬಿಸಿಲೇರುವ ಹೊತ್ತಿಗೆ ಎಣ್ಣೆ ಡಬ್ಬ ಹೊತ್ತ ಮೊದಲ ಹೆಂಗಸು ಬಟ್ಟೆ ಒದ್ದೆಯಾಗದೆ ಅವರ ನಡುವಿನಿಂದ ದಾಟಿ ಹೋದಳು.