ದೊಡ್ಡಪ್ಪನ ಟ್ರಂಕಿನ ರಸೀದಿಗಳು

ವರ್ಷಕ್ಕೊಮ್ಮೆ, ತೆರಿಗೆಯ ಗಡುವು ಹತ್ತಿರ ಬಂದಾಗ, ನಾನೊಂದು ಕಿತಾಪತಿ ಮಾಡುತ್ತೇನೆ. ಅಚ್ಚುಕಟ್ಟಾಗಿ ಜೋಡಿಸಿಟ್ಟ ರಸೀದಿಗಳನ್ನೆಲ್ಲ ಬಿಚ್ಚಿ, ಹಾಸಿಗೆಯ ಮೇಲೆ ಸುರಿದು, ಎರಡೂ ಕೈಯಿಂದ ಚೆನ್ನಾಗಿ ಕಲೆಸಿ, ಗೊಂಬೆಯ ಟ್ರಂಕಿಗೆ ತುಂಬುತ್ತೇನೆ. ಆಮೇಲೆ ತಮ್ಮನಿಗೆ ಫೋನು ಮಾಡಿ, "ಲೆಕ್ಕ ಎಲ್ಲಾ ಎಕ್ಕುಟ್ಟು ಹೋಗಿದೆ ಕಣೋ, ತಲೆಬುಡ ಗೊತ್ತಾಗ್ತಿಲ್ಲ" ಎಂದು ಗೋಳಾಡುತ್ತೇನೆ.

ತಮ್ಮ ಲೆಕ್ಕಪತ್ರದ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಬೈಯುತ್ತಾನೆ, ಆದರೆ ಬರುತ್ತಾನೆ. ಬೆಳಿಗ್ಗೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೊರಡುತ್ತಾನೆ. ಇಡೀ ವರ್ಷದಲ್ಲಿ ಅವನು ನನ್ನ ಮನೆಯಲ್ಲಿ ಕೂರುವುದು ಅದೊಂದೇ ದಿನ. ಅದಕ್ಕೇ ಈ ಕಿತಾಪತಿ.

ನನ್ನ ಕಸುಬು ಗೊಂಬೆ ಮಾತಾಡಿಸುವುದು. ಗೊಂಬೆಯೆಂದರೆ ಬೊಕ್ಕತಲೆಯ, ಸಿಡುಕುಮೂತಿಯ ಮುದುಕ. ಎಲ್ಲಿ ಹೋದರೂ ಮಕ್ಕಳು ಅವನನ್ನು ದೊಡ್ಡಪ್ಪ ಎನ್ನುತ್ತಾರೆ. ಅವನ ಬೆನ್ನಿನೊಳಗೆ ನನ್ನ ಕೈ, ಅವನ ಬಾಯಲ್ಲಿ ನನ್ನ ಮಾತು. ನನ್ನ ತುಟಿ ಮಾತ್ರ ಕದಲಕೂಡದು. ಇದನ್ನು ಕಲಿಯುವಷ್ಟರಲ್ಲಿ ಅರ್ಧ ಯೌವನ ಕನ್ನಡಿಯ ಮುಂದೆಯೇ ಕಳೆದುಹೋಯಿತು. ಶಾಲೆಯ ಸಭಾಂಗಣ, ಆಸ್ಪತ್ರೆಯ ಮಕ್ಕಳ ವಾರ್ಡು, ಹೊಸ ಅಂಗಡಿಯ ಬಾಗಿಲು, ಕರೆದಲ್ಲಿಗೆ ಹೋಗುತ್ತೇನೆ. ಸಂಬಳ ಕೊಡುವ ಧಣಿ ಇಲ್ಲ, ಹಾಗಾಗಿ ಲೆಕ್ಕ ಇಡುವ ಗುಮಾಸ್ತಳೂ ನಾನೇ.

ನಿಜ ಹೇಳಬೇಕೆಂದರೆ ಆ ಕೆಲಸ ನನಗೆ ನೀರು ಕುಡಿದಷ್ಟು ಸುಲಭ. ಗೊಂಬೆಯ ಅಂಗಿ ಹೊಲಿಯಲು ತಂದ ಬಣ್ಣದ ಗುಂಡುಸೂಜಿಗಳಿವೆ. ಬಸ್ ಚಾರ್ಜಿಗೆ ಕೆಂಪು ತಲೆಯ ಸೂಜಿ, ಬಟ್ಟೆಬರೆಗೆ ನೀಲಿ, ಗಂಟಲಿನ ಮಾತ್ರೆಗೆ ಹಳದಿ. ಪ್ರತಿ ಕಟ್ಟಿನ ಮೇಲೆ ಮೊತ್ತ ಬರೆದ ಚೀಟಿ. ಪ್ರದರ್ಶನ ಮುಗಿಸಿ ಬಂದರೆ ಮಾತಾಡಲು ಯಾರೂ ಇಲ್ಲದ ಮನೆಯಲ್ಲಿ ಇಂಥ ಕೆಲಸ ಬಾಕಿ ಉಳಿಯುವುದಿಲ್ಲ.

ಈ ಸಲವೂ ತಮ್ಮ ಬಂದ. ಬಾಗಿಲಲ್ಲೇ ನಿಂತು, "ಏನ್ ದೊಡ್ಡಪ್ಪಾ, ಆರೋಗ್ಯಾನಾ?" ಎಂದು ಗೊಂಬೆಯನ್ನೇ ಮೊದಲು ವಿಚಾರಿಸಿದ.

"ನಿನ್ನ ದಾರಿ ಕಾದು ಕಾದು ಇದ್ದ ನಾಲ್ಕು ಕೂದಲೂ ಉದುರಿ ಹೋಯ್ತು" ಎಂದ ದೊಡ್ಡಪ್ಪ.

ತಮ್ಮ ನಕ್ಕ. ಅಮ್ಮ ತೀರಿಹೋದಾಗ ಅವನು ಯಾರೊಡನೆಯೂ ಮಾತಾಡದೆ ಮೂಲೆ ಹಿಡಿದು ಕೂತಿದ್ದ. ಆಗ ಅವನನ್ನು ಊಟಕ್ಕೆ ಎಬ್ಬಿಸಿದ್ದು ದೊಡ್ಡಪ್ಪನೇ. ನಾವಿಬ್ಬರೂ ಮುಖ ನೋಡಿಕೊಂಡು ಹೇಳಲಾಗದ್ದನ್ನೆಲ್ಲ ಆ ಗೊಂಬೆ ಹೇಳುತ್ತಾ ಬಂದಿದೆ. ಅವನು ಗೊಂಬೆಯನ್ನು ನೋಡುತ್ತಾನೆ, ನಾನು ಅವನನ್ನು ನೋಡುತ್ತೇನೆ. ಅಕ್ಕ ತಮ್ಮನ ಮಾತುಕತೆ ಇಷ್ಟೇ.

ಚಹಾ ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟವನು ಟ್ರಂಕಿನ ಕಡೆ ತಿರುಗಲಿಲ್ಲ. "ಅಕ್ಕಾ, ನಿನ್ನ ಫೋನ್ ಕೊಡು. ಒಂದು ಆ್ಯಪ್ ಹಾಕ್ಕೊಡ್ತೀನಿ. ರಸೀದಿ ಸಿಕ್ಕ ತಕ್ಷಣ ಫೋಟೋ ಹೊಡಿ ಸಾಕು, ಯಾವುದು ಖರ್ಚು, ಯಾವುದು ಆದಾಯ ಅಂತ ಅದೇ ವಿಂಗಡಿಸುತ್ತೆ. ರಿಟರ್ನೂ ಅಲ್ಲಿಂದಲೇ ಹೋಗುತ್ತೆ. ಬರೋ ವರ್ಷದಿಂದ ನಾನು ಬರೋದೇ ಬೇಡ."

ಅವನ ಮುಖದಲ್ಲಿ ಉಡುಗೊರೆ ತಂದವನ ಖುಷಿ. ಆ ಮುಖಕ್ಕೆ ಎರಡು ಬಿಗಿಯಬೇಕೆನಿಸಿತು.

"ಇವೆಲ್ಲ ನನ್ನ ತಲೆಗೆ ಎಲ್ಲಿ ಹತ್ತುತ್ತೆ?" ಎಂದೆ.

"ಹತ್ತುತ್ತೆ ಬಿಡು. ನನಗೂ ಬರೋದು ಕಷ್ಟ, ಮಗಳ ಪರೀಕ್ಷೆ ಬೇರೆ. ಈ ತಿಂಗಳು ಆಫೀಸಲ್ಲಿ ಉಸಿರಾಡೋಕೂ ಬಿಡಲ್ಲ. ಒಂದು ರಜೆಗೆ ಸಾಹೇಬರ ಕೈಕಾಲು ಹಿಡೀಬೇಕು."

ಅವನು ದೂರಲಿಲ್ಲ, ಇದ್ದದ್ದನ್ನು ಹೇಳಿದ. ಅದೇ ಹೆಚ್ಚು ಚುಚ್ಚಿತು.

ಈ ವರ್ಷದ್ದನ್ನಾದರೂ ಮುಗಿಸೋಣವೆಂದು ಟ್ರಂಕನ್ನು ನೆಲಕ್ಕೆ ಸುರಿದೆವು. ಅವನು ಒಂದೊಂದಾಗಿ ಎತ್ತಿ ಕೇಳುತ್ತಾ ಹೋದ, ನಾನು ಪೆದ್ದಿಯಂತೆ "ಯಾವ ಊರಿಂದೋ, ನೆನಪಿಲ್ಲಪ್ಪ" ಎನ್ನುತ್ತಾ ಹೋದೆ. "ಮಕ್ಕಳಿಗೆ ಎಸೆದ ಮಿಠಾಯಿ ಖರ್ಚಿಗೆ ಬರುತ್ತೆ, ನೀನು ತಿಂದಿದ್ದು ಬರಲ್ಲ" ಎಂದು ಅವನು ರೇಗಿಸಿದ. ಇಷ್ಟಕ್ಕಾಗಿಯೇ ಅಲ್ಲವೇ ನಾನು ವರ್ಷವಿಡೀ ಕಾಯುವುದು ಎಂದುಕೊಂಡೆ.

ಅವನ ಕೈ ತಟ್ಟನೆ ನಿಂತಿತು. ಕೈಯಲ್ಲಿ ದಪ್ಪನೆಯ ಒಂದು ಕಟ್ಟು, ನೀಲಿ ತಲೆಯ ಸೂಜಿ, ಮೇಲೆ ನನ್ನ ಅಕ್ಷರದಲ್ಲಿ ಮೊತ್ತದ ಚೀಟಿ. ಗಡಿಬಿಡಿಯಲ್ಲಿ ಅದೊಂದನ್ನು ಬಿಚ್ಚಲು ಮರೆತಿದ್ದೆ.

ಅವನು ಕೂಡಿಸಿ ನೋಡಿದ. ಸರಿಯಾಗಿತ್ತು. ಆಮೇಲೆ ಬಿಡಿ ರಸೀದಿಗಳನ್ನು ಎತ್ತಿ ಬೆಳಕಿಗೆ ಹಿಡಿದ. "ಇದಕ್ಕೂ ಸೂಜಿ ಚುಚ್ಚಿದ ತೂತಿದೆ. ಇದಕ್ಕೂ ಇದೆ. ಅಕ್ಕಾ, ಎಲ್ಲಾ ಮೊದಲೇ ಜೋಡಿಸಿದ್ಯಾ?"

ನಾನು ನೆಲದ ಮೇಲಿದ್ದ ರಸೀದಿಗಳನ್ನು ಬಾಚಿ ಟ್ರಂಕಿಗೆ ತುಂಬತೊಡಗಿದೆ.

"ಮತ್ಯಾಕೆ ಕಲೆಸಿದೆ? ನಾನು ಅವರಿವರ ಕಾಲು ಹಿಡಿದು ರಜೆ ಹಾಕಿ ಬರ್ತೀನಿ, ನೀನು ಆಟ ಆಡ್ತೀಯಾ?"

ಅವನ ದನಿ ಏರಿತು. ಏರಬೇಕಾದದ್ದೇ. ನನ್ನ ಮುಖ ಕಂಡ ಮೇಲೆ ಇಳಿಯಿತು. ದೊಡ್ಡಪ್ಪನನ್ನು ಎತ್ತಿ ತಂದು ನನ್ನ ಮಡಿಲಲ್ಲಿಟ್ಟ. "ನೀನು ಹೇಳಲ್ಲ ಅಂತ ಗೊತ್ತು. ಇವನಾದ್ರೂ ಹೇಳ್ಲಿ."

ಕೈ ತಾನಾಗಿ ಗೊಂಬೆಯ ಬೆನ್ನಿಗೆ ಹೋಯಿತು. ನಾಲಿಗೆಯ ತುದಿಯಲ್ಲಿ ಒಂದು ತಮಾಷೆ ಸಿದ್ಧವಿತ್ತು. ಹೇಳಿದ್ದರೆ ಅವನು ನಗುತ್ತಿದ್ದ, ಆ್ಯಪ್ ಹಾಕಿಕೊಟ್ಟು ಸಂಜೆಯ ಬಸ್ಸು ಹತ್ತುತ್ತಿದ್ದ, ಬರುವ ವರ್ಷ ನಾನು ಇದೇ ಕೋಣೆಯಲ್ಲಿ ರಸೀದಿಗಳ ಫೋಟೋ ಹೊಡೆಯುತ್ತಾ ಕೂತಿರುತ್ತಿದ್ದೆ. ಊರಿಗೆಲ್ಲ ಮಾತಾಡಿ ತೋರಿಸಿದವಳು ನಾನು, ನನ್ನ ಸ್ವಂತ ದನಿಯಲ್ಲಿ ಯಾರನ್ನೂ ಏನನ್ನೂ ಕೇಳಿದವಳಲ್ಲ. ಭಯವಾಯಿತು. ಕೈ ಹೊರತೆಗೆದು ದೊಡ್ಡಪ್ಪನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ.

"ಲೆಕ್ಕಕ್ಕೆ ಬರೋದು ಬೇಡ. ಸುಮ್ನೆ ಬಾ. ಒಬ್ಬಳೇ ಇರೋಕೆ ನನ್ನ ಕೈಲಿ ಆಗ್ತಿಲ್ಲ."

ತಮ್ಮ ಅಭ್ಯಾಸಬಲದಿಂದ ಕುರ್ಚಿಯ ಕಡೆ ನೋಡಿದ. ದೊಡ್ಡಪ್ಪನ ಬಾಯಿ ಮುಚ್ಚಿತ್ತು. ಆಮೇಲೆ ನಿಧಾನವಾಗಿ ತಿರುಗಿ ನನ್ನ ತುಟಿಗಳನ್ನು ನೋಡಿದ.